ಮೂರು ಬೆರಳಿನ ವಾದ

ಅರಕಲಗೂಡಿನಲ್ಲಿ ಕೇಳಿದ ಒಂದು ಪ್ರವಚನ ಇನ್ನೂ ಕಿವಿಯಲ್ಲಿದೆ. ಭಾಷಣಕಾರರು ಮೂರು ಬೆರಳೆತ್ತಿ, "ಕ್ರೈಸ್ತರಿಗೆ ಮೂರು ದೇವರು, ನಮಗೆ ಒಬ್ಬನೇ" ಎಂದರು. ಜನ ತಕ್ಬೀರ್ ಕೂಗಿದರು. ಐದು ನಿಮಿಷದಲ್ಲಿ ಒಂದು ಧರ್ಮದ ಕಥೆ ಮುಗಿಯಿತು. ಹೊಳೆನರಸೀಪುರ, ಚನ್ನರಾಯಪಟ್ಟಣದ ಸಭೆಗಳಲ್ಲೂ ಇದೇ ಬೆರಳುಗಳನ್ನು ಕಂಡಿದ್ದೇನೆ. ಸ್ವಾಮಿ, ನೀವು ಸೋಲಿಸಿದ್ದು ಯಾರನ್ನು?

ತ್ರಿಯೇಕತ್ವವೆಂದರೆ ಮೂರು ದೇವರಲ್ಲ ಎಂದು ಚರ್ಚುಗಳು ಹಿಂದಿನಿಂದಲೂ ಹೇಳುತ್ತ ಬಂದಿವೆ. ಇಪ್ಪತ್ತನೇ ಶತಮಾನದ ದೊಡ್ಡ ಪ್ರೊಟೆಸ್ಟೆಂಟ್ ಚಿಂತಕ ಕಾರ್ಲ್ ಬಾರ್ತ್‌ಗೆ 'ಮೂವರು ವ್ಯಕ್ತಿಗಳು' ಎಂಬ ಮಾತೇ ಇರುಸುಮುರುಸು. ಇಂದಿನ ಕಿವಿಗೆ ಅದು ಮೂರು ದೇವರೆಂದೇ ಕೇಳಿಸೀತೆಂದು ಆತ 'ಇರುವಿನ ರೀತಿ' ಎಂಬ ಅರ್ಥದ ಪದವನ್ನು ಆರಿಸಿಕೊಂಡ. ಇದನ್ನು ನೀವು ಒಪ್ಪಬೇಕಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಅಲ್ಲಾಹನ ಗುಣಗಳು ಅವನೇ ಹೌದೋ, ಅವನಿಂದ ಬೇರೆಯೋ ಎಂದು ನಮ್ಮ ಮುತಜಿಲಾ, ಅಶ್‌ಅರಿ ಪಂಡಿತರು ಕಾದಾಡಿದ್ದೇನು ಕಡಿಮೆಯೆ? ಕುರ್‌ಆನ್ ಸೃಷ್ಟಿಯೆಂದು ಒಪ್ಪದ ತಪ್ಪಿಗೆ ಇಮಾಮ್ ಅಹ್ಮದ್ ಬಿನ್ ಹಂಬಲರ ಬೆನ್ನ ಮೇಲೆ ಛಡಿಯೇಟು ಬಿತ್ತು. ಆ ಚರಿತ್ರೆ ಓದಿದವರಿಗೆ ನೆರೆಯವನ ಕಗ್ಗಂಟು ಕಂಡು ನಗು ಬಾರದು.

ಒಬ್ಬರ ಪಾಪಕ್ಕೆ ಇನ್ನೊಬ್ಬರು ಸಾಯುವುದೇ? ಇದು ನ್ಯಾಯವಾದ ಪ್ರಶ್ನೆ. ಕಾನೂನು ಓದಿದ್ದ ಕ್ಯಾಲ್ವಿನ್ ಅದನ್ನು ಅಪರಾಧ, ಶಿಕ್ಷೆಯ ಭಾಷೆಯಲ್ಲೇ ಬಿಡಿಸಿದ. ಕನ್ನಡದಲ್ಲಿ ಬೇರೆ ದಾರಿ ಹಿಡಿದವರು ನಿಘಂಟಿನ ಕಿಟೆಲ್. 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ತಂದರು. 1872ರ 'ಯಜ್ಞಸುಧಾನಿಧಿ'ಯಲ್ಲಿ ಯಜ್ಞದ ವಿಚಾರವನ್ನೇ ಎತ್ತಿಕೊಂಡರು. ಮತಪ್ರಚಾರದ ಉದ್ದೇಶ ಇದ್ದೇ ಇತ್ತು, ಮುಚ್ಚಿಡುವುದು ಬೇಡ. ಆದರೂ ಅವರು ವಾದಕ್ಕೆ ಇಳಿದದ್ದು ಎದುರಿನವರ ಗ್ರಂಥ ಓದಿಕೊಂಡು. ನಮ್ಮ ಬೆರಳಿನ ಪಂಡಿತರಲ್ಲಿ ಕನ್ನಡ ಬೈಬಲ್ ತೆರೆದವರೆಷ್ಟು?

ನನಗೆ ಹೆಚ್ಚು ಪ್ರಿಯರಾದವರು ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ (1920-2001). ಮಂಗಳೂರಿನಲ್ಲಿ ದೇವಶಾಸ್ತ್ರ ಕಲಿಸಿದವರು, 1971ರಿಂದ ಜಿನೀವಾದಲ್ಲಿ ಜಾಗತಿಕ ಚರ್ಚುಗಳ ಒಕ್ಕೂಟದ ಸರ್ವಧರ್ಮ ಸಂವಾದ ವಿಭಾಗ ನಡೆಸಿದವರು. ದೇವರು ಕ್ರಿಸ್ತನಲ್ಲಿ ಪ್ರಕಟವಾದದ್ದು ಅವರಿಗೆ ನಿಜವೇ. ಆದರೆ ದೇವರೆಂಬ ರಹಸ್ಯವನ್ನು ಕ್ರಿಸ್ತನೊಬ್ಬನಲ್ಲೇ ಮುಗಿಸಿಬಿಡಬಾರದು ಎಂದರು. 1991ರ ಪುಸ್ತಕದಲ್ಲಿ ಅವರು ಕೊಟ್ಟ ಹೋಲಿಕೆ ನೋಡಿ: ಮೇಲಿನಿಂದ ಹೆಲಿಕಾಪ್ಟರಿನಂತೆ ಇಳಿಯುವ ಕ್ರಿಸ್ತತತ್ವ ಎಬ್ಬಿಸುವ ಧೂಳಿನಲ್ಲಿ ಕೆಳಗಿನವರಿಗೆ ಏನೂ ಕೇಳಿಸದು, ಕಾಣಿಸದು; ಎತ್ತಿನ ಗಾಡಿಯ ಚಕ್ರ ಮಾತ್ರ ಸದಾ ಏಷ್ಯಾದ ಮಣ್ಣುದಾರಿಗೆ ತಾಗಿಕೊಂಡೇ ಇರುತ್ತದೆ. ಆಲೂಗೆಡ್ಡೆ ಮೂಟೆ ಹೊತ್ತ ಗಾಡಿಗಳ ಹಿಂದೆ ನಡೆದು ಬೆಳೆದ ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಅವರದೇ ಚರ್ಚಿನೊಳಗೆ ಒಪ್ಪದವರು ಇದ್ದರು. ಇರಲಿ. ನಮ್ಮಲ್ಲೂ ಹೆಲಿಕಾಪ್ಟರುಗಳಿಗೆ ಬರವಿಲ್ಲ.

ತ್ರಿತ್ವವನ್ನು ಕುರ್‌ಆನ್ ನಿರಾಕರಿಸಿದೆಯಲ್ಲ ಎನ್ನುವಿರಿ. ಹೌದು. ಗ್ರಂಥದವರೊಡನೆ ಉತ್ತಮ ರೀತಿಯಲ್ಲೇ ವಾದಿಸಬೇಕೆಂದು ಹೇಳುವುದೂ ಅದೇ ಕುರ್‌ಆನ್. ಜಿಹಾದ್ ಎಂಬ ಒಂದು ಪದ ಹಿಡಿದು ಇಡೀ ಇಸ್ಲಾಮನ್ನು ಅಳೆಯುತ್ತಾರೆಂದು ನಾವು ಅಳುತ್ತೇವೆ. ನೆರೆಯವನನ್ನು ಮೂರು ಬೆರಳಿನಲ್ಲಿ ಅಳೆಯುವಾಗ ಆ ಅಳು ಎಲ್ಲಿ ಹೋಗುತ್ತದೆ? 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ಕಲ್ಲು ಬಿದ್ದಾಗ, ಅವರ ನಂಬಿಕೆಯನ್ನು ಗೇಲಿ ಮಾಡಿಯೇ ಅಭ್ಯಾಸವಾಗಿದ್ದ ನಮ್ಮ ಎಷ್ಟು ವೇದಿಕೆಗಳಿಂದ ಅವರ ಪರ ದನಿ ಎದ್ದಿತು?

ಹಾಸನದ ಮಿಷನ್ ಆಸ್ಪತ್ರೆಯಲ್ಲಿ ನಮ್ಮ ಎಷ್ಟೋ ತಾಯಂದಿರ ಹೆರಿಗೆಯಾಗಿದೆ. ಅದನ್ನು ಕಟ್ಟಿದವರು ವೆಸ್ಲಿಯನ್ನರು, ಅಂದರೆ ಪ್ರೊಟೆಸ್ಟೆಂಟರು. ಮುಂದಿನ ಪ್ರವಚನಕ್ಕೆ ಹೊರಡುವ ಮುನ್ನ ಭಾಷಣಕಾರರು ಅಲ್ಲೇ ಹತ್ತಿರದಲ್ಲಿ ಯಾವುದಾದರೂ ಪಾದ್ರಿಯ ಮನೆ ಬಾಗಿಲು ತಟ್ಟಲಿ. ಚಹಾ ಕೊಟ್ಟೇ ಕೊಡುತ್ತಾರೆ. ಕುಡಿಯುತ್ತ, "ನೀವು ಒಬ್ಬನೇ ದೇವರು ಅನ್ನುವುದು ಹೇಗೆ ಸ್ವಾಮಿ?" ಎಂದು ಕೇಳಲಿ.