ತಂಡ ಯಾರ ಸ್ವತ್ತು?

ಒಂದು ಪೌಂಡಿಗೆ ಏನು ಬರುತ್ತದೆ? 2018ರ ಡಿಸೆಂಬರಿನ ಲೆಕ್ಕದಲ್ಲಿ ಅದು ನಮ್ಮ ಸುಮಾರು 90 ರೂಪಾಯಿ. ಒಂದು ಸಂತೆಯ ದಿನದ ತರಕಾರಿಗೂ ಸಾಲದ ಹಣ. ಆ ತಿಂಗಳು ಅಷ್ಟೇ ಹಣಕ್ಕೆ ಇಂಗ್ಲೆಂಡಿನ ಬೆರಿ ಎಂಬ ಊರಿನ 133 ವರ್ಷದ ಕಾಲ್ಚೆಂಡು ಕ್ಲಬ್ಬು ಒಬ್ಬ ಧನಿಕನ ಕೈಯಿಂದ ಇನ್ನೊಬ್ಬ ಧನಿಕನ ಕೈಗೆ ದಾಟಿತು. ಒಂಬತ್ತು ತಿಂಗಳು ತುಂಬುವುದರೊಳಗೆ ಆ ಕ್ಲಬ್ಬು ಲೀಗಿನಿಂದ ಹೊರಗೆ ಬಿತ್ತು.

ಏಳು ಸಮುದ್ರದಾಚೆಯ ಒಂದು ಚೆಂಡಾಟದ ತಂಡದ ಗೋಳು ನಮಗೇಕೆ ಎಂದು ಓದುಗ ಬಾಂಧವರು ಕೇಳಬಹುದು. ಬೆರಿ ನಮ್ಮಂಥವರ ಊರು. ಮ್ಯಾಂಚೆಸ್ಟರಿನ ಮಗ್ಗುಲಲ್ಲಿರುವ ಹತ್ತಿ ಗಿರಣಿಗಳ ಊರು. 1733ರಲ್ಲಿ ಹಾರುಲಾಳಿಯನ್ನು ಕಂಡುಹಿಡಿದ ಜಾನ್ ಕೇ ಆ ಊರ ಕಡೆಯವನು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಆ ಸೀಮೆಯ ಗಿರಣಿಗಳಿಗೆ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಹಡಗು ಹತ್ತಿ ಹೋಗಿತ್ತು. ವಾರವೆಲ್ಲ ಗಿರಣಿಯಲ್ಲಿ ದುಡಿದು ಶನಿವಾರ ಮಧ್ಯಾಹ್ನ ಬಿಡುವು ಸಿಕ್ಕಿದ ಜನ ಬೆಳೆಸಿದ ಆಟವದು. ಅವರ ಟಿಕೆಟ್ಟಿನ ಕಾಸಿನಿಂದ, ಅವರ ಕೂಗಿನಿಂದ, ಅವರ ಮಕ್ಕಳ ಕಾಲಿನಿಂದ ಬೆಳೆದ ಆಟ.

1885ರಲ್ಲಿ ಹುಟ್ಟಿದ ಈ ಕ್ಲಬ್ಬು ಆ ವರ್ಷದಿಂದಲೇ ಗಿಗ್ ಲೇನ್ ಎಂಬ ಮೈದಾನದಲ್ಲಿ ಆಡಿತು. 1894ರಲ್ಲಿ ಲೀಗಿಗೆ ಸೇರಿತು. 1900ರಲ್ಲಿ ಎಫ್.ಎ. ಕಪ್ ಗೆದ್ದಿತು, 1903ರ ಅಂತಿಮ ಪಂದ್ಯದಲ್ಲಿ ಡಾರ್ಬಿ ಕೌಂಟಿಯನ್ನು 6-0 ಗೋಲುಗಳಿಂದ ಸೋಲಿಸಿ ಮತ್ತೊಮ್ಮೆ ಗೆದ್ದಿತು. ಆ ಅಂತರವನ್ನು ಸರಿಗಟ್ಟಲು ಕೋಟಿ ಕೋಟಿ ಸುರಿದ ಮ್ಯಾಂಚೆಸ್ಟರ್ ಸಿಟಿಗೆ 2019ರವರೆಗೆ ಕಾಯಬೇಕಾಯಿತು! ಆ ಬಳಿಕ ದೊಡ್ಡ ಗೆಲುವುಗಳು ಬೆರಿಗೆ ಬರಲಿಲ್ಲ. ಆದರೂ ಜನ ಬಿಡಲಿಲ್ಲ. 2002ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂದಾಗ ಚಂದಾ ಎತ್ತಿ ಉಳಿಸಿಕೊಂಡವರೂ ಅಭಿಮಾನಿಗಳೇ. ಕಷ್ಟಕಾಲಕ್ಕೆ ತಂಡ ಊರಿನದು. ಕಾಗದದ ಮೇಲೆ ಮಾತ್ರ ಅದು ಷೇರು ಹಿಡಿದವನದು. ಎಲ್ಲ ಅನರ್ಥದ ಬೇರು ಇಲ್ಲಿದೆ.

2013ರಲ್ಲಿ ಕ್ಲಬ್ಬು ಸ್ಟೂವರ್ಟ್ ಡೇ ಎಂಬ ಕಟ್ಟಡ ಉದ್ಯಮಿಯ ಕೈಗೆ ಬಂತು. ಗೆಲುವಿನ ಆಸೆಗೆ ಆದಾಯವನ್ನು ಮೀರಿ ಖರ್ಚು ನಡೆಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಮೈದಾನವನ್ನೇ ಅಡವಿಟ್ಟು ಸಾಲ ತರಲಾಯಿತು. ಗಾಡಿ ನಿಲ್ಲಿಸುವ ಜಾಗವನ್ನೂ ತುಂಡು ತುಂಡಾಗಿ ಹೂಡಿಕೆದಾರರಿಗೆ ಮಾರಲಾಯಿತು. ಆತನ ಸ್ವಂತ ಉದ್ಯಮ ಕುಸಿಯುವ ಹೊತ್ತಿಗೆ ಕ್ಲಬ್ಬನ್ನು ಒಂದು ಪೌಂಡಿಗೆ ಸ್ಟೀವ್ ಡೇಲ್ ಎಂಬಾತನಿಗೆ ದಾಟಿಸಿದರು. ಬೆರಿ ಎಂಬ ತಂಡವೊಂದು ಇದೆಯೆಂಬುದೇ ತನಗೆ ಮೊದಲು ಗೊತ್ತಿರಲಿಲ್ಲವೆಂದು ಈ ಮಹಾಶಯ ಮುಂದೆ ರೇಡಿಯೋದಲ್ಲಿ ತಾನಾಗಿಯೇ ಹೇಳಿಕೊಂಡ.

ಹಾಗಾದರೆ ಲೀಗಿನ ಆಡಳಿತ ಏನು ಮಾಡುತ್ತಿತ್ತು? ಕೊಳ್ಳುವವನ ಯೋಗ್ಯತೆಯನ್ನು ಪರೀಕ್ಷಿಸುವ ನಿಯಮವೊಂದು ಇತ್ತು. ಆದರೆ ಹಣ ಎಲ್ಲಿಂದ ಬರುತ್ತದೆ, ಎಷ್ಟಿದೆ ಎಂಬುದಕ್ಕೆ ಪುರಾವೆ ಕೊಡುವ ಮೊದಲೇ ಕ್ಲಬ್ಬು ಕೈ ಬದಲಾಗಬಹುದಾಗಿತ್ತು. ಪುರಾವೆ ಕೊಟ್ಟಿಲ್ಲ, ಕೊಟ್ಟಿಲ್ಲ ಎಂದು ತಿಂಗಳುಗಟ್ಟಲೆ ಕಾಗದ ಬರೆದದ್ದಷ್ಟೇ ಬಂತು. ನಮ್ಮ ಕಡೆ ನೂರು ರೂಪಾಯಿಯ ಸಾಮಾನು ಉದ್ರಿ ಕೊಡುವ ಅಂಗಡಿಯವನೂ ಗಿರಾಕಿಯ ಮನೆತನ, ಕಸುಬು ವಿಚಾರಿಸುತ್ತಾನೆ. ಒಂದು ಊರಿನ 133 ವರ್ಷದ ಸ್ವತ್ತನ್ನು ಒಪ್ಪಿಸುವಾಗ ಅಷ್ಟು ವಿಚಾರಣೆಯೂ ಇಲ್ಲ!

2019ರ ವಸಂತದಲ್ಲಿ ಆಟಗಾರರಿಗೆ, ಕೆಲಸಗಾರರಿಗೆ ಸಂಬಳವಿಲ್ಲ. ಸಂಬಳವಿಲ್ಲದೆಯೇ ಆ ಹುಡುಗರು ಆಡಿ ಗೆದ್ದು, ಏಪ್ರಿಲ್ ಕೊನೆಗೆ ಕ್ಲಬ್ಬನ್ನು ನಾಲ್ಕನೆಯ ದರ್ಜೆಯಿಂದ ಮೂರನೆಯ ದರ್ಜೆಗೆ ಏರಿಸಿದರು. ದುಡಿಯುವವನು ತನ್ನ ಮಾತು ಉಳಿಸಿಕೊಂಡ. ಕೂಲಿ ಕೊಡಬೇಕಾದವನು ಉಳಿಸಿಕೊಳ್ಳಲಿಲ್ಲ. ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜುಲೈ ತಿಂಗಳಲ್ಲಿ ಸಾಲಗಳ ಇತ್ಯರ್ಥಕ್ಕೆ ಒಂದು ಒಪ್ಪಂದ ಬಂತು. ಸಣ್ಣ ವ್ಯಾಪಾರಿಗಳು ಇದನ್ನು ಗಮನವಿಟ್ಟು ಓದಬೇಕು. ಕಾಲ್ಚೆಂಡು ಲೋಕದೊಳಗಿನ ಬಾಕಿ, ಎಂದರೆ ಆಟಗಾರರ ಸಂಬಳ, ಇತರ ಕ್ಲಬ್ಬುಗಳಿಗೆ ಕೊಡಬೇಕಾದ ಹಣ, ಪೂರ್ತಿ ಸಂದಾಯವಾಗಬೇಕು. ಅದು ಲೀಗಿನ ನಿಯಮ. ಆಟಗಾರರಿಗೆ ಸಂಬಳ ಸಿಗುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಡಮಾನವಿಲ್ಲದೆ ನಂಬಿಕೆಯ ಮೇಲೆ ಸರಕು ಕೊಟ್ಟವನಿಗೆ, ದುರಸ್ತಿ ಮಾಡಿದವನಿಗೆ, ಸರ್ಕಾರದ ತೆರಿಗೆಗೆ? ಪೌಂಡಿಗೆ ಕಾಲು ಪೌಂಡ್. ನಮ್ಮ ಹಳೆಯ ಲೆಕ್ಕದಲ್ಲಿ ರೂಪಾಯಿಗೆ ನಾಲ್ಕಾಣೆ! ಉಳಿದ ಹನ್ನೆರಡಾಣೆ ಯಾರ ಗಂಟು? ತಮ್ಮ ಊರಿನ ತಂಡವೆಂದು ಕಾದು ಕೂತ ಮಂದಿಯ ಗಂಟು. 2020ರ ನವೆಂಬರಿನಲ್ಲಿ ಆ ಕಂಪನಿ ಆಡಳಿತಾಧಿಕಾರಿಯ ವಶಕ್ಕೇ ಹೋಯಿತು.

2019ರ ಆಗಸ್ಟ್ ಬಂತು. ಪಂದ್ಯದ ಮೇಲೆ ಪಂದ್ಯ ರದ್ದಾಯಿತು. ಮಾಜಿ ನಿರ್ದೇಶಕಿಯೊಬ್ಬರು ಮೈದಾನದ ಕಟ್ಟಡದ ಕೊಳವೆಗೆ ತಮ್ಮನ್ನು ಕೋಳ ಹಾಕಿ ಕಟ್ಟಿಕೊಂಡು ಪ್ರತಿಭಟಿಸಿದರು. 27ನೆಯ ತಾರೀಖು ಕೊನೆಯ ಗಡುವು. ಹೊಸ ಖರೀದಿದಾರರು ಬಂದಾರು, ಪಂದ್ಯ ನಡೆದೀತು ಎಂಬ ಆಸೆಯಿಂದ ಅಂದು ನೂರಾರು ಅಭಿಮಾನಿಗಳು ಪೊರಕೆ, ಬಕೆಟ್ಟು ಹಿಡಿದು ಬಂದು ಮೈದಾನವನ್ನು ಗುಡಿಸಿ, ಕುರ್ಚಿಗಳನ್ನು ಒರೆಸಿದರು. ಬಂದಿದ್ದ ಖರೀದಿದಾರರು ಹಿಂದೆ ಸರಿದರು. ಅಂದೇ ರಾತ್ರಿ ಬೆರಿ ಲೀಗಿನಿಂದ ಉಚ್ಚಾಟನೆಯಾಯಿತು. 1992ರಲ್ಲಿ ಮೇಡ್‌ಸ್ಟೋನ್ ಯುನೈಟೆಡ್ ಹೋದ ಮೇಲೆ ಹೀಗೆ ಲೀಗಿನಿಂದ ಹೊರಬಿದ್ದ ಮೊದಲ ಕ್ಲಬ್ಬು ಅದು.

ನಾವು ಕೇಳುತ್ತೇವೆ: ಶಿಕ್ಷೆ ಯಾರಿಗಾಯಿತು? ಅಡವಿಟ್ಟವನಿಗೆ ಅಲ್ಲ. ಒಂದು ಪೌಂಡಿಗೆ ಕೊಂಡವನಿಗೆ ಅಲ್ಲ. ಕಣ್ಣು ಮುಚ್ಚಿ ಕೂತ ಆಡಳಿತಕ್ಕೂ ಅಲ್ಲ. ಪೊರಕೆ ಹಿಡಿದು ಬಂದವರಿಗೆ ಶಿಕ್ಷೆಯಾಯಿತು.

ಧನಿಕರ ಪರವಾಗಿ ಎರಡು ವಾದಗಳು ಕೇಳಿಬರುತ್ತವೆ. ಒಂದು: ಹಣ ಹಾಕಿದವನಿಗೆ ಅದನ್ನು ಕಳೆಯುವ ಹಕ್ಕೂ ಇದೆ. ಇರಲಿ, ತನ್ನ ಹಣವನ್ನು ಕಳೆಯಲಿ! ಮೈದಾನ ಅಡವಿಟ್ಟು ತಂದದ್ದು ಅವನ ಹಣವಲ್ಲ. ಸಂಬಳ ತಡೆದು ಉಳಿಸಿದ್ದು ಅವನ ಹಣವಲ್ಲ. ಹನ್ನೆರಡಾಣೆ ಕಳೆದುಕೊಂಡ ಅಂಗಡಿಯವನದೂ ಅವನ ಹಣವಲ್ಲ. ಇನ್ನೊಂದು ಮಾತು: ಇತರ ವ್ಯಾಪಾರದಲ್ಲಿ ಗಿರಾಕಿಗೆ ಒಂದು ಅಂಗಡಿ ಸರಿಬೀಳದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಆ ಭಯವೇ ಅಂಗಡಿಯವನನ್ನು ಸರಿದಾರಿಯಲ್ಲಿಡುತ್ತದೆ. ತಂಡದ ಅಭಿಮಾನಿ ಪಕ್ಕದ ಊರಿನ ತಂಡಕ್ಕೆ ಹೋಗುವುದಿಲ್ಲ. ಸೋತರೂ ಬರುತ್ತಾನೆ, ಟಿಕೆಟ್ಟಿನ ದರ ಏರಿಸಿದರೂ ಬರುತ್ತಾನೆ. ಆ ನಿಷ್ಠೆಯೇ ಕ್ಲಬ್ಬಿನ ನಿಜವಾದ ಬಂಡವಾಳ. ಅದನ್ನು ಒಬ್ಬನ ಕೈಯಲ್ಲಿಟ್ಟು ವ್ಯಾಪಾರದ ನಿಯಮ ಸಾಕೆನ್ನುವುದು ಹುಲಿಯನ್ನು ಹಸುವಿಗೆ ಕಾವಲಿಟ್ಟಂತೆ.

ಎರಡನೆಯ ವಾದ: ಶ್ರೀಮಂತನ ಹಣವಿಲ್ಲದೆ ಗೆಲುವಿಲ್ಲ. ಎಕ್ಸೆಟರ್ ಊರಿನ ಕ್ಲಬ್ಬನ್ನು ನೋಡಿ. ಅದು ಮುಳುಗುತ್ತಿದ್ದಾಗ, 2003ರಲ್ಲಿ, ಅಭಿಮಾನಿಗಳ ಟ್ರಸ್ಟು ಅದನ್ನು ಕೈಗೆ ತೆಗೆದುಕೊಂಡಿತು. 2008ರಲ್ಲಿ ಕ್ಲಬ್ಬು ಲೀಗಿಗೆ ಮರಳಿತು. 2022ರಲ್ಲಿ ಮೂರನೆಯ ದರ್ಜೆಗೆ ಏರಿತು. ಜರ್ಮನಿಯಲ್ಲಿ 1998ರಿಂದ ಕ್ಲಬ್ಬುಗಳು ಕಂಪನಿಗಳಾಗಬಹುದು. ಆದರೆ ಅರ್ಧಕ್ಕಿಂತ ಒಂದು ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಕೆಲವು ಕಂಪನಿಗಳಿಗೆ ಅಲ್ಲಿಯೂ ವಿನಾಯಿತಿ ಸಿಕ್ಕಿದೆ, ನಿಜ. ಆದರೂ ಅಲ್ಲಿನ ಆಟ ಬಡವಾಗಿಲ್ಲ. 2014ರ ವಿಶ್ವಕಪ್ ಗೆದ್ದವರು ಅವರೇ.

ಇಂಗ್ಲೆಂಡಿನಲ್ಲಿಯೂ ಹಿಂದೆ ಬೇಲಿ ಇತ್ತು. ಕ್ಲಬ್ಬಿನಿಂದ ಪಡೆಯುವ ಲಾಭಾಂಶಕ್ಕೆ ಫುಟ್‌ಬಾಲ್ ಸಂಸ್ಥೆ ಮಿತಿ ಹಾಕಿತ್ತು. ನಿರ್ದೇಶಕರು ಸಂಬಳ ಪಡೆಯುವಂತಿರಲಿಲ್ಲ. ಅದು ಸೇವೆಯ ಕೆಲಸ ಎಂಬ ಭಾವನೆ. 1983ರಲ್ಲಿ ಟಾಟನ್‌ಹ್ಯಾಮ್ ಕ್ಲಬ್ಬಿನ ಮಾಲೀಕರು ಮೇಲೊಂದು ಕಂಪನಿ ಕಟ್ಟಿ, ಅದರ ಷೇರುಗಳನ್ನು ಲಂಡನ್ ಷೇರುಪೇಟೆಗೆ ಬಿಟ್ಟರು. ನಿಯಮ ಕ್ಲಬ್ಬಿಗೆ, ನಮ್ಮ ಕಂಪನಿಗೆ ಅಲ್ಲ ಎಂಬುದು ಅವರ ಚಾತುರ್ಯ. ಕಾವಲುಗಾರರು ಸುಮ್ಮನಿದ್ದರು. 1992ರಲ್ಲಿ ದೊಡ್ಡ ಕ್ಲಬ್ಬುಗಳು ಪ್ರತ್ಯೇಕವಾಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡು ದೂರದರ್ಶನದ ಹಣದ ಹೊಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡವು. ಸಣ್ಣ ಕ್ಲಬ್ಬು ಮೇಲೇರುವ ಆಸೆಗೆ ಸಾಲ ಮಾಡುತ್ತದೆ. ಸಾಲ ಕೊಡುವವನು ಮೈದಾನದ ಮೇಲೆ ಕಣ್ಣಿಡುತ್ತಾನೆ. ಗಿರಣಿ ಮುಚ್ಚಿದ ಮೇಲೆ ಗಿರಣಿಯ ಜಾಗಕ್ಕೆ ಬೆಲೆ ಬರುವುದನ್ನು ಕಂಡವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಇನ್ನೊಂದು ಒಂದು ಪೌಂಡಿನ ಕಥೆಯಿದೆ. ಬೆರಿಯ ನೆರೆಯ ಊರು ರಾಕ್‌ಡೇಲ್. 1844ರಲ್ಲಿ ಅಲ್ಲಿಯ 28 ಮಂದಿ, ನೇಕಾರರು ಮತ್ತು ಇತರ ಕಸುಬಿನವರು, ತಲೆಗೆ ಒಂದು ಪೌಂಡಿನಂತೆ ಕೂಡಿಹಾಕಿ ಟೋಡ್ ಲೇನ್ ಎಂಬ ಬೀದಿಯಲ್ಲಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ. ಅಳತೆ ಸರಿ, ಕಲಬೆರಕೆ ಇಲ್ಲ. ಎಷ್ಟು ಷೇರಿದ್ದರೂ ಒಬ್ಬನಿಗೆ ಒಂದೇ ಮತ. ಸಹಕಾರ ತತ್ತ್ವ ಅಲ್ಲಿಂದ ಲೋಕಕ್ಕೆ ಹಬ್ಬಿತು. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವೂ ಅದೇ ಬಳ್ಳಿಯ ಕಾಯಿ. ಒಬ್ಬನೇ ಒಂದು ಪೌಂಡ್ ಕೊಟ್ಟು ಊರನ್ನೇ ಕೊಂಡದ್ದೂ ಉಂಟು. 28 ಮಂದಿ ಒಂದೊಂದು ಪೌಂಡ್ ಹಾಕಿ ಊರಿಗೆ ಅನ್ನದ ದಾರಿ ಮಾಡಿದ್ದೂ ಉಂಟು. ಪೌಂಡು ಅದೇ, ಕಟ್ಟುಪಾಡು ಬೇರೆ.

ಬೆರಿಯ ಜನ ಕೊನೆಗೆ ಈ ಎರಡನೆಯ ದಾರಿಯನ್ನೇ ಹಿಡಿದರು. 2019ರಲ್ಲಿ ಅಭಿಮಾನಿಗಳೇ ಹೊಸ ಕ್ಲಬ್ಬು ಕಟ್ಟಿದರು. ಒಬ್ಬರಿಗೆ ಒಂದು ಮತದ ಸಂಘ ಅದರ ಒಡೆಯ. 2020ರಲ್ಲಿ ಅದು ಕೆಳಗಿನ ಹತ್ತನೆಯ ದರ್ಜೆಯಲ್ಲಿ ನೆರೆಯೂರಿನ ಮೈದಾನದಲ್ಲಿ ಆಟ ಶುರುಮಾಡಿತು. 2022ರ ಫೆಬ್ರವರಿಯಲ್ಲಿ ಮತ್ತೊಂದು ಅಭಿಮಾನಿ ಗುಂಪು, ಸರ್ಕಾರದ 10 ಲಕ್ಷ ಪೌಂಡಿನ ನೆರವು ಮತ್ತು ದಾನದ ಹಣ ಸೇರಿಸಿ, ಗಿಗ್ ಲೇನನ್ನು ಬಿಡಿಸಿಕೊಂಡಿತು. ಎರಡೂ ಒಂದಾಗಬೇಕೆಂಬ ಮತದಾನ 2022ರಲ್ಲಿ ಸೋತಿತು. ಜಗಳವಾಯಿತು, ಮನಸ್ತಾಪವಾಯಿತು. 2023ರಲ್ಲಿ ಮತ್ತೆ ಮತ ಹಾಕಿ ಒಂದಾದರು. ಹಳೆಯ ಹೆಸರಿನಲ್ಲಿ ಹಳೆಯ ಮೈದಾನಕ್ಕೆ ಮರಳಿದರು. ಪ್ರಜೆಗಳ ಆಡಳಿತದಲ್ಲಿ ಜಗಳವೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಜಗಳ ಸಭೆಯಲ್ಲಿ ನಡೆಯಿತು, ಲೆಕ್ಕ ಎದುರಿಗಿತ್ತು, ತೀರ್ಮಾನ ಅವರದೇ ಆಗಿತ್ತು.

ಸರ್ಕಾರವೂ ಎಚ್ಚೆತ್ತಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ತಡವಾಗಿ, ಆದರೂ ಎಚ್ಚೆತ್ತಿತು. 2021ರಲ್ಲಿ ಟ್ರೇಸಿ ಕ್ರೌಚ್ ಅವರ ಅಧ್ಯಕ್ಷತೆಯ ವಿಚಾರಣೆ ಸ್ವತಂತ್ರ ನಿಯಂತ್ರಕ ಬೇಕೆಂದು ಹೇಳಿತು. 2025ರ ಜುಲೈಯಲ್ಲಿ ಫುಟ್‌ಬಾಲ್ ಆಡಳಿತ ಕಾಯಿದೆ ಆಯಿತು. ಮೇಲಿನ ಐದು ದರ್ಜೆಯ ಕ್ಲಬ್ಬುಗಳಿಗೆ ಪರವಾನಗಿ ಬೇಕು. ಮಾಲೀಕನ ಹಣದ ಮೂಲವನ್ನು ನೋಡಬೇಕು. ಮೈದಾನ ಮಾರಲು ನಿಯಂತ್ರಕರ ಒಪ್ಪಿಗೆ ಬೇಕು. ಅಭಿಮಾನಿಗಳ ಅಭಿಪ್ರಾಯ ಕೇಳಬೇಕು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅಭಿಪ್ರಾಯ ಕೇಳುವುದು ಬೇರೆ, ಅಧಿಕಾರ ಕೊಡುವುದು ಬೇರೆ. ಗಿರಣಿಯಲ್ಲಿಯೂ ಅಹವಾಲಿನ ಪೆಟ್ಟಿಗೆ ತೂಗುಹಾಕಿರುತ್ತಾರೆ; ಅದರ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ?

ನಮ್ಮ ದೇಶದಲ್ಲಿ ಈ ಪ್ರಶ್ನೆ ಇಲ್ಲವೆಂದು ಕೈಕಟ್ಟಿ ಕೂರುವಂತಿಲ್ಲ. ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ಗಿರಣಿಯ ತಂಡ 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ತಂಡ. 2011ರಲ್ಲಿ ಕಂಪನಿ ಅದನ್ನು ಮುಚ್ಚಿತು. ಮುಚ್ಚುವಾಗ ನೋಡುತ್ತಿದ್ದ ಜನರನ್ನು ಕೇಳಬೇಕೆಂಬ ಕಾನೂನು ಎಲ್ಲಿಯೂ ಇರಲಿಲ್ಲ.

ಆದ್ದರಿಂದ ನಮ್ಮ ಮಾತು ಸರಳ. ಮೈದಾನವನ್ನು ಯಾರೂ ಅಡವಿಡದಂತೆ ಊರಿನ ಹೆಸರಿಗೆ ಬರೆಯಿರಿ. ಕ್ಲಬ್ಬಿನ ಜಮಾಖರ್ಚನ್ನು ವರ್ಷಕ್ಕೊಮ್ಮೆಯಾದರೂ ಟಿಕೆಟ್ಟು ಕೊಂಡವರ ಮುಂದೆ ಓದಿರಿ. ಕೂಲಿ ಮತ್ತು ಸಣ್ಣ ವ್ಯಾಪಾರಿಯ ಬಾಕಿ ಮೊದಲು ತೀರಲಿ. ಮಾಲೀಕನ ಸಾಲ ಕೊನೆಗಿರಲಿ. ಅರ್ಧಕ್ಕಿಂತ ಒಂದು ಮತ ಹೆಚ್ಚಾಗಿ, ತಲೆಗೊಂದು ಮತದಂತೆ, ಅಭಿಮಾನಿಗಳ ಸಂಘದ ಕೈಯಲ್ಲಿರಲಿ. ಶ್ರೀಮಂತರು ಬೇಕಾದರೆ ಬರಲಿ, ಹಣ ಹಾಕಲಿ, ನಮ್ಮ ಪಕ್ಕದಲ್ಲಿ ನಿಂತು ಆಟ ನೋಡಲಿ. ಮಾರುವ ಹಕ್ಕು ಮಾತ್ರ ಅವರಿಗೆ ಬೇಡ.