ತೊಗಲುಗೊಂಬಿಗೆ ಪದ್ಮಶ್ರೀ ಬಂತು, ನಮ್ಮ ಜಾತ್ರ್ಯಾಗ ಜಾಗ ಯಾವಾಗ?

ಶಿಗ್ಲಿ: 2025ರ ಪದ್ಮಶ್ರೀ ಪಟ್ಟಿಯಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ತೊಂಬತ್ತು ದಾಟಿದ ಈ ಅಜ್ಜಿಯದು ಜೀವನಪೂರ್ತಿ ತೊಗಲುಗೊಂಬೆ ಆಟ. ಅಲೆಮಾರಿ ಸಮುದಾಯದ ಕಲೆಯನ್ನು ದೆಹಲಿ ಗುರುತಿಸಿತು. ನಮ್ಮ ತಾಲ್ಲೂಕಿನ ಜಾತ್ರ್ಯಾಗ ಈ ಆಟ ನೀವು ಕಡೀಗೆ ನೋಡಿದ್ದು ಯಾವಾಗ?

ನಾಟಕ ಅಂದ್ರ ಬರೀ ಮನರಂಜನೆ ಅಲ್ಲ ಅನ್ನೋದು ಈ ಭಾಗಕ್ಕೆ ಹೊಸ ಮಾತಲ್ಲ. ಆಗ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ. ಎಲ್ಲೆಡೆ ಮರಾಠಿ ನಾಟಕದ ಭರಾಟೆ. ಅಂಥ ಹೊತ್ತಿನಲ್ಲಿ, 1870ರ ದಶಕದಲ್ಲಿ, ಶಾಂತಕವಿ ಎಂದೇ ಹೆಸರಾದ ಸಕ್ಕರಿ ಬಾಳಾಚಾರ್ಯರು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಗರೂಡ ಸದಾಶಿವರಾಯರ ಕಂಪನಿ ಬಂತು. 1956ರ ಏಕೀಕರಣಕ್ಕೂ ಮೊದಲೇ ನಮ್ಮ ಜನರಿಗೆ 'ನಾವು ಕನ್ನಡಿಗರು' ಅನ್ನೋ ಭಾವನೆ ಬೆಳೆಯಲು ರಂಗಭೂಮಿಯೂ ಒಂದು ಕಾರಣ.

ಇನ್ನೊಂದು ಸಂಗತಿ. ಮರಾಠಿ ರಂಗಭೂಮಿ 1843ರಲ್ಲಿ ಸಾಂಗ್ಲಿಯೊಳಗ ವಿಷ್ಣುದಾಸ ಭಾವೆಯವರಿಂದ ಶುರುವಾಯಿತು ಎನ್ನುತ್ತಾರೆ. ಅದಕ್ಕೆ ಪ್ರೇರಣೆ ಅಲ್ಲಿಗೆ ಹೋಗಿ ಆಟ ಆಡಿದ ಹೊನ್ನಾವರ ಕಡೆಯ ಕರ್ಕಿ ಮೇಳ. ಭಾವೆ ಹೆಸರು ಉಳಿಯಿತು, ಮೇಳದ ಕಲಾವಿದರ ಹೆಸರು ಎಷ್ಟು ಮಂದಿಗೆ ಗೊತ್ತು?

ಶಿಳ್ಳೇಕ್ಯಾತರ ಕಥೆಯೂ ಹಾಂಗ ಐತಿ. ಕಂಪನಿ ಮಾಲೀಕರನ್ನು ಹೆಸರಿನಿಂದ ನೆನಿತೀವಿ, ಇವರನ್ನು ಬರೀ ಜಾತಿಯಿಂದ. ಇವರಲ್ಲಿ ಅನೇಕ ಕುಟುಂಬಗಳ ಮನೆಮಾತು ಮರಾಠಿ ಬೆರೆತ ಮಾತು. ಆದರೂ ಊರೂರು ತಿರುಗಿ, ಓದು ಬಾರದವರಿಗೂ ರಾಮಾಯಣ, ಮಹಾಭಾರತವನ್ನು ಕನ್ನಡದಾಗ ಮುಟ್ಟಿಸಿದವರು ಇವರು. ಮನೆಮಾತು ನೋಡಿ ಕನ್ನಡಿಗರನ್ನು ಲೆಕ್ಕ ಹಾಕಿದರೆ ಇವರು ಹೊರಗೆ ಉಳೀತಾರ. ಕನ್ನಡಕ್ಕ ಮಾಡಿದ ಕೆಲಸ ನೋಡಿದರೆ ಮೊದಲ ಸಾಲಿಗೆ ಬರ್ತಾರ.

ಪ್ರಶಸ್ತಿ ಒಬ್ಬರಿಗೆ ಸಿಗತೈತಿ, ಕಲೆ ಉಳಿಯೋದು ಆಟ ನಡೆದಾಗ ಮಾತ್ರ. ಆಟ ಇಲ್ಲ ಅಂದ್ರ ಮನೆಯ ಹುಡುಗರು ಗೊಂಬೆ ಬಿಟ್ಟು ಕೂಲಿಗೆ ಹೋಗೋದು ಸಹಜ. ಬಿಳಿ ಪರದೆ, ಒಂದು ದೀಪ, ಹಾರ್ಮೋನಿಯಂ, ಒಂದು ಕುಟುಂಬ ಇದ್ದರೆ ಆಟ ಆಯಿತು. ಆರ್ಕೆಸ್ಟ್ರಾದಷ್ಟು ಖರ್ಚು ಬರಂಗಿಲ್ಲ.

ಜಾತ್ರೆಗೆ ಪಟ್ಟಿ ಕೊಡೋರು ನಾವು, ಅಂಗಡಿಕಾರರು. ಮುಂದಿನ ಸಲ ಪಾವತಿ ಹರಿಸುವಾಗ ಕಮಿಟಿಯವರಿಗೆ ಒಂದು ಮಾತು ಹೇಳೋಣ: ಒಂದು ರಾತ್ರಿ ತೊಗಲುಗೊಂಬಿಗೆ ಇಡ್ರಿ, ಸಂಭಾವನೆ ಮೊದಲೇ ಮಾತಾಡ್ರಿ, ಹ್ಯಾಂಡ್‌ಬಿಲ್‌ನಾಗ ಜಾತಿ ಅಲ್ಲ, ಕಲಾವಿದರ ಹೆಸರು ಹಾಕ್ರಿ.