ಸನ್ನಿಗೂ ಚಾರ್ಟಿನಲ್ಲಿ ಒಂದು ಕಲಂ ಬೇಕು



ಆಸ್ಪತ್ರೆ ಸೇರಿದ ವಯಸ್ಸಾದವರು ಎರಡನೇ ದಿನಕ್ಕೇ ಬಡಬಡಿಸುವುದು, ರಾತ್ರಿ ಡ್ರಿಪ್ ಕೀಳುವುದು, ಬೆಳಿಗ್ಗೆ ಸರಿಯಿದ್ದು ಸಂಜೆಗೆ ಮಗನನ್ನೇ ಗುರುತಿಸದಿರುವುದು ಸನ್ನಿಯ, ಅಂದರೆ ಡೆಲಿರಿಯಂನ ಲಕ್ಷಣ. ಕನಕಪುರದ ಕಡೆ ರೇಷ್ಮೆ ಸಾಕಿದ ಅಜ್ಜಿ ಸೊಂಟದ ಮೂಳೆ ಮುರಿದು ಮಲಗಿದ್ದಾಗ ‘ಹುಳಕ್ಕೆ ಸೊಪ್ಪು ಹಾಕ್ಬೇಕು’ ಎಂದು ಮಂಚ ಇಳಿಯಲು ಹೊರಟರೆ, ಅರಳುಮರಳು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅರಳುಮರಳು ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ಸನ್ನಿ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಬರುತ್ತದೆ. ಮೂತ್ರ ಕಟ್ಟಿರುವುದು, ಸೋಂಕು, ಸೋಡಿಯಂ ಇಳಿದಿರುವುದು, ನಿದ್ದೆ ಮಾತ್ರೆ ಹೀಗೆ ಹುಡುಕಿದರೆ ಸಿಗುವ ಕಾರಣಗಳೇ ಹೆಚ್ಚು. ಗಲಾಟೆ ಮಾಡುವವರಾದರೂ ಕಣ್ಣಿಗೆ ಬೀಳುತ್ತಾರೆ. ಊಟ ಬಿಟ್ಟು, ಗೋಡೆ ಕಡೆ ತಿರುಗಿ ತೂಕಡಿಸುವವರು ‘ತೊಂದರೆ ಕೊಡದ ರೋಗಿ’ ಎನಿಸಿಕೊಂಡು ಉಳಿದುಬಿಡುತ್ತಾರೆ.

ಜ್ವರ, ನಾಡಿ, ಬಿ.ಪಿ. ಬರೆಯಲು ಚಾರ್ಟಿನಲ್ಲಿ ಕಲಂ ಇರುತ್ತದೆ. ಹೊಸದಾಗಿ ಕಂಡ ಗೊಂದಲಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ರೋಗಿಯ ಸ್ಥಿತಿ ಹದಗೆಡುವುದನ್ನು ಅಂಕಗಳಲ್ಲಿ ಅಳೆಯುವ ತನ್ನ ನ್ಯೂಸ್-2 ಚಾರ್ಟಿಗೆ ಅದನ್ನು ಸೇರಿಸಿ, ಅದೊಂದಕ್ಕೇ 3 ಅಂಕ ಕೊಟ್ಟಿತು.

ನರ್ಸ್‌ಗಳಿಗೆ ಪುರುಸೊತ್ತಿಲ್ಲ ಎಂಬ ವಾದ ಅರ್ಧ ಮಾತ್ರ ಸರಿ. ಎಡಿನ್‌ಬರೋದಲ್ಲಿ ಹುಟ್ಟಿದ 4ಎಟಿ ಪರೀಕ್ಷೆಗೆ ಎರಡು ನಿಮಿಷ ಸಾಕು: ರೋಗಿಯ ಎಚ್ಚರ, ವಯಸ್ಸು, ಜನ್ಮದಿನಾಂಕ, ಸ್ಥಳ, ಇಸವಿ, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳುವುದು, ಈಚೆಗೆ ಕಂಡ ಬದಲಾವಣೆ. 4 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಸನ್ನಿಯ ಶಂಕೆ. ಆದರೆ ಇದನ್ನು ಇದ್ದಂತೆಯೇ ತಂದು ಹೇರುವುದು ತರವಲ್ಲ. ಹುಟ್ಟಿದ ದಿನವೇ ಗೊತ್ತಿಲ್ಲದೆ ಆಧಾರ್‌ನಲ್ಲಿ ಜನವರಿ 1 ಬರೆಸಿಕೊಂಡ ಹಿರಿಯರಿಗೆ ಜನ್ಮದಿನಾಂಕ ಕೇಳಿ ಅಂಕ ಹಾಕುವುದರಲ್ಲಿ ಅರ್ಥವಿಲ್ಲ. ಶಾಲೆ ಕಾಣದವರಿಂದ ಶನಿವಾರದಿಂದ ಹಿಂದಕ್ಕೆ ವಾರಗಳನ್ನು ಹೇಳಿಸಬಹುದು. ಅಳೆಯಬೇಕಿರುವುದು ಗಮನವನ್ನು, ಓದನ್ನಲ್ಲ. ಹಾಗೆ ಬದಲಿಸಿದ್ದನ್ನು ಇಲ್ಲಿನ ರೋಗಿಗಳಲ್ಲೇ ಒರೆಗೆ ಹಚ್ಚಬೇಕು. ಅದಕ್ಕೆ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ನಿಮ್ಹಾನ್ಸ್ ಪಕ್ಕದ ಬೆಂಗಳೂರಿನಲ್ಲೇ ಇದೆ.

ಇಲ್ಲಿನ ವಾರ್ಡುಗಳಲ್ಲಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಗಳೋ ಸೊಸೆಯೋ ಇದ್ದೇ ಇರುತ್ತಾರೆ. ‘ಮೊನ್ನೆಗಿಂತ ಇವತ್ತು ಬೇರೆ ಥರ ಇದ್ದಾರಾ?’ ಎಂದು ಅವರನ್ನು ಕೇಳಿದರೆ ಅರ್ಧ ತಪಾಸಣೆ ಮುಗಿದಂತೆ.

ಪತ್ತೆ ಹಚ್ಚಿದ ಮೇಲೆ ಕೈ ಕಟ್ಟಿ ನಿದ್ದೆ ಇಂಜೆಕ್ಷನ್ ಕೊಡುವುದೇ ಆದರೆ ಈ ತಪಾಸಣೆಯೇ ಬೇಡ. (ಕುಡಿತ ನಿಂತಾಗಿನ ಸನ್ನಿಯ ಚಿಕಿತ್ಸೆ ಬೇರೆ.) ಸರಳ ಆರೈಕೆಯಿಂದ ಸನ್ನಿಯನ್ನು ತಡೆಯಲೂಬಹುದು: 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 852 ರೋಗಿಗಳಿದ್ದರು. ನೀರು, ಕನ್ನಡಕ, ಕಿವಿಯ ಯಂತ್ರ, ಓಡಾಟ, ರಾತ್ರಿಯ ನಿದ್ದೆ ಇಂಥವನ್ನು ಆಸ್ಪತ್ರೆಯವರು ನೋಡಿಕೊಂಡ ರೋಗಿಗಳಲ್ಲಿ ಶೇ 9.9ರಷ್ಟು ಮಂದಿಗೆ ಸನ್ನಿ ಬಂತು, ಉಳಿದವರಲ್ಲಿ ಶೇ 15ರಷ್ಟು ಮಂದಿಗೆ. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ 65 ದಾಟಿದವರಿಗೆ, ಸೊಂಟದ ಮೂಳೆ ಮುರಿದವರಿಗೆ ಮೊದಲು ಈ ಕಲಂ ತೆರೆಯಲಿ.

– ಓದುಗ, ದೊಡ್ಡಆಲಹಳ್ಳಿ, ಕನಕಪುರ ತಾಲ್ಲೂಕು